ಕೈಯಲ್ಲಿ ಗಾಜಿರುವಾಗ

"ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ದು ಬೇರೆ ಬುಕಿಂಗು, ಸಾರ್‌ದು ಬೇರೆ ಬುಕಿಂಗು. ನಮ್ಮ ಸಿಸ್ಟಮ್ ಪ್ರಕಾರ ನಿಮ್ಮಿಬ್ಬರಿಗೂ ಸಂಬಂಧ ಇಲ್ಲ."

"ಸಂಬಂಧ ಇಲ್ವಾ? ಮೂವತ್ತು ವರ್ಷ ಆಯ್ತಲ್ಲಪ್ಪಾ ಮದುವೆಯಾಗಿ! ಬುಕಿಂಗ್ ಎರಡಾದ್ರೆ ಮದುವೆನೂ ಎರಡಾಗತ್ತಾ?"

ಊಟದ ಮೇಜಿನ ನಡುವೆ, ನೀರಿನ ಜಗ್ಗಿಗೆ ಒರಗಿಸಿಟ್ಟಿದ್ದ ಫೋನಿನಲ್ಲಿ ವಿಮಾನ ಕಂಪನಿಯವನು, "ಒಂದ್ನಿಮಿಷ ಅಮ್ಮಾ, ವಿಚಾರಿಸ್ತೀನಿ" ಎಂದ. ಅನಂತರ ಅದರೊಳಗಿಂದ ಪಿಟೀಲಿನ ಅದೇ ತುಣುಕು, ಬೆಳಗಿನಿಂದ ಕೇಳಿ ಕೇಳಿ ಆಕೆಗೆ ಬಾಯಿಪಾಠವಾಗಿ ಹೋಗಿದ್ದ ತುಣುಕು, ಮತ್ತೆ ಮೊದಲಾಯಿತು. ಎದುರಿನ ಕುರ್ಚಿಯಲ್ಲಿ ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ಗಂಡ ಗಂಟಲಲ್ಲೇ ನಕ್ಕ.

"ಅಯ್ಯೋ, ಮೊದಲೇ ಗೊತ್ತಿದ್ರೆ! ವಕೀಲರಿಲ್ಲ, ಕೋರ್ಟಿಲ್ಲ, ಒಂದು ಫೋನಿಗೆ ಬಿಡುಗಡೆ."

"ಸುಮ್ನಿರ್ತೀರಾ? ಮೊದಲು ಆ ಕೈ ಕೆಳಗಿಡಿ."

ಮಾತಿನ ಮರೆಯಲ್ಲಿ ಪಟ್ಟಿಯ ಅಂಚಿನವರೆಗೂ ಏರಿದ್ದ ಬಲಗೈ, ಹಾಲಿನ ಪಾತ್ರೆಯ ಬಳಿ ಸಿಕ್ಕಿಬಿದ್ದ ಬೆಕ್ಕಿನಂತೆ ಮೆಲ್ಲನೆ ತೊಡೆಯ ಮೇಲಕ್ಕೆ ಇಳಿಯಿತು.

ಆ ಬಲಗೈಯೇ ಇಷ್ಟೆಲ್ಲ ಪಾಡಿಗೆ ಕಾರಣ. ಗಂಡಹೆಂಡಿರಿಬ್ಬರೂ ದುಡಿಯುವ ಗಾಜಿನ ಕಾರ್ಖಾನೆಯಲ್ಲಿ, ಕತ್ತರಿಸುವ ಮೇಜಿನ ಮೇಲೆ ಹಾಳೆಯೊಂದು ಸಿಡಿದು ಅದರ ಚೂರು ಆತನ ಬಲಗಣ್ಣನ್ನು ಹೊಕ್ಕಿತ್ತು. ರಕ್ಷಣೆಯ ಕನ್ನಡಕವು ಆ ಹೊತ್ತಿನಲ್ಲಿ, ಬಹುಕಾಲದ ವಾಡಿಕೆಯಂತೆ, ಆತನ ಹಣೆಯನ್ನು ರಕ್ಷಿಸುತ್ತಿತ್ತು. ಎಡಗಣ್ಣಿಗೆ ಮೊದಲೇ ಪೊರೆ ಬಂದಿತ್ತು. ಅದಕ್ಕೆ ಬೆಳಕು ನೆರಳುಗಳ ಭೇದವೊಂದೇ ಗೋಚರ. ಊರಿನ ವೈದ್ಯರು ಗಾಯಕ್ಕೆ ಹೊಲಿಗೆ ಹಾಕಿ, ಎರಡನೆಯ ಶಸ್ತ್ರಚಿಕಿತ್ಸೆಗಾಗಿ ದೂರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದರು. ಕಳುಹಿಸುವಾಗ ಆಕೆಯನ್ನು ಪಕ್ಕಕ್ಕೆ ಕರೆದು, "ಅಲ್ಲಿ ಸೇರೋ ತನಕ ಇವರು ಕಣ್ಣು ಉಜ್ಜಬಾರದಮ್ಮ. ಒಂದು ಸಲ ಜೋರಾಗಿ ಉಜ್ಜಿದ್ರೆ ಹೊಲಿಗೆ ಬಿಟ್ಕೊಳ್ಳತ್ತೆ. ಆಮೇಲೆ ಆ ಕಣ್ಣನ್ನ ಯಾರಿಂದಲೂ ಉಳಿಸೋಕಾಗಲ್ಲ" ಎಂದಿದ್ದರು.

ಎಚ್ಚರದಲ್ಲಿ ಆತ ಸಂಯಮಿಯೇ. ಆದರೆ ನಿದ್ದೆ ಬಂತೆಂದರೆ ಆ ಕೈಗೆ ಬೇರೆ ಯಜಮಾನ. ಕಣ್ಣಿನ ಮೇಲೆ ಕೂರಿಸಿದ ಪ್ಲಾಸ್ಟಿಕ್ಕಿನ ಮುಚ್ಚಳವನ್ನು ನಿದ್ದೆಗಣ್ಣಲ್ಲೇ ಕಿತ್ತು ಗೋಡೆಗೆ ಎಸೆದಿದ್ದ. ಕೈಯನ್ನು ಮಂಚಕ್ಕೆ ಕಟ್ಟೋಣವೆಂದರೆ, "ನಾನೇನು ಕಳ್ಳನೇನೇ?" ಎಂದು ಮನೆ ಹಾರಿಹೋಗುವಂತೆ ಕೂಗಿದ್ದ. ಕೊನೆಗೆ ಉಳಿದದ್ದು ಒಂದೇ ಉಪಾಯ: ಬಲಮಗ್ಗುಲಿಗೆ ಹೆಂಡತಿ ಮಲಗಿ ಇರುಳೆಲ್ಲ ಆ ಕೈಯನ್ನು ಹಿಡಿದುಕೊಳ್ಳುವುದು. ಹಿಡಿದ ಕೈ ಹಿಡಿದಂತೆಯೇ ಇದ್ದರೆ ಅದು ಮಗುವಿನ ಕೈಯಷ್ಟು ಸಾಧು. ಸಾಲದುದಕ್ಕೆ, ಗಾಲಿಯ ಮೇಲೆ ಚಲಿಸುವ ಯಾವುದರಲ್ಲಿ ಕುಳಿತರೂ ಆತನಿಗೆ ಕೂಡಲೇ ನಿದ್ದೆ. ಬಸ್ಸು ನಿಲ್ದಾಣದ ಬಾಗಿಲು ದಾಟುವುದರೊಳಗೆ ಗೊರಕೆ ಕೇಳಿಸುತ್ತಿತ್ತು.

ಹೀಗಿರುವಾಗ ವಿಮೆಯ ಕಂಪನಿ ಗಾಯವಾದವನಿಗೆ ಮಾತ್ರ ವಿಮಾನದ ಟಿಕೆಟ್ ಕಳುಹಿಸಿತು. ಹೆಂಡತಿಗೆ ಗಾಯವಾಗಿರಲಿಲ್ಲವಾದ್ದರಿಂದ ಆಕೆ ತನ್ನದನ್ನು ತಾನೇ ಕೊಂಡಳು. ಆತನಿಗೆ ಹನ್ನೊಂದನೆಯ ಸಾಲಿನ ಕಿಟಕಿ, ಆಕೆಗೆ ಇಪ್ಪತ್ತಾರನೆಯ ಸಾಲಿನ ನಡು.

ಪಿಟೀಲು ನಿಂತಿತು. "ಅಮ್ಮಾ, ವಿಚಾರಿಸಿದೆ. ಏರ್‌ಪೋರ್ಟಲ್ಲಿ ಕೌಂಟರಿನವರನ್ನ ಕೇಳ್ಬೇಕಂತೆ. ನಮ್ಮ ಸೇವೆ ನಿಮಗೆ ತೃಪ್ತಿ ಕೊಟ್ಟಿತಾ?"

"ತುಂಬಾ ತೃಪ್ತಿಯಪ್ಪಾ. ಹೊಟ್ಟೆ ತುಂಬಿಹೋಯ್ತು" ಎಂದು ಆಕೆ ಫೋನನ್ನು ಕವುಚಿ ಹಾಕಿದಳು.

ಇಲ್ಲಿ ಆ ದಂಪತಿಗಳ ಕೆಲಸದ ರೀತಿಯನ್ನು ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಆಳೆತ್ತರದ ಗಾಜನ್ನು ಸಾಗಿಸಲು ಇಬ್ಬರು ಬೇಕು. ಮುಂದಿನ ಅಂಚನ್ನು ಹಿಡಿದವರು ಮುಂದಾಳು, ಹಿಂದಿನ ಅಂಚನ್ನು ಹಿಡಿದವರು ಹಿಂದಾಳು. ಹೆಸರಿಗೆ ಮುಂದಾಳು, ಯಜಮಾನಿಕೆ ಹಿಂದಾಳಿನದು. ಗಾಜಿನ ಉದ್ದವೂ ದಾರಿಯೂ ಒಟ್ಟಿಗೆ ಕಾಣುವುದು ಅವನಿಗೆ ಮಾತ್ರ. ಮುಂದಾಳು ತಿರುಗಿ ನೋಡಕೂಡದು. ಎಲ್ಲಿಯಾದರೂ ಎಡವಟ್ಟಾದರೆ ಮುಂದಾಳು "ನಿಂತೆ" ಎಂದು ಹೇಳಿ ಕಂಬದಂತೆ ನಿಲ್ಲಬೇಕು. ಸರಿದು, ಬಾಗಿ, ತಿರುಗಿಸಿ ಸರಿಪಡಿಸುವುದು ಹಿಂದಾಳಿನ ಹೊಣೆ. ಇಬ್ಬರೂ ಒಟ್ಟಿಗೆ ಸರಿಪಡಿಸಲು ಹೊರಟರೆ ಗಾಜು ನಡುವೆ ಸೀಳುತ್ತದೆ. ಕೈ ಬದಲಾಯಿಸುವಾಗ, ತೆಗೆದುಕೊಳ್ಳುವವರು ಮೊದಲು "ಹಿಡಿದೆ" ಎನ್ನಬೇಕು, ಕೊಡುವವರು ಆಮೇಲೆ "ಬಿಟ್ಟೆ" ಎನ್ನಬೇಕು. ಇವಿಷ್ಟನ್ನು ಬಿಟ್ಟು ಕೈಯಲ್ಲಿ ಗಾಜಿರುವಾಗ ಬೇರೆ ಮಾತೇ ಇಲ್ಲ, ದೇವರೇ ಬಂದು ಕುಶಲ ಕೇಳಿದರೂ ಇಲ್ಲ. ಮದುವೆಯಾದ ಮರುವರ್ಷದಿಂದ ಆಕೆ ಮುಂದಾಳು, ಆತ ಹಿಂದಾಳು. ಅವರು ಸಾಗಿಸಿದ ಒಂದು ಗಾಜೂ ಒಡೆದದ್ದಿಲ್ಲ. ಕಾರ್ಖಾನೆಯಲ್ಲಿ ಅವರನ್ನು ಕರೆಯುವುದೂ ಆ ಹೆಸರುಗಳಿಂದಲೇ.

ಕಣ್ಣಿಗೆ ಪೆಟ್ಟಾದ ಮೇಲೆ ಈ ವ್ಯವಸ್ಥೆ ಅಡಿಮೇಲಾಯಿತು. ದಾರಿ ಕಾಣುವವಳು ಈಗ ಆಕೆ. ಆತನ ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟು ನಡೆಸುವವಳೂ ಆಕೆ. ಆದರೆ ಹಾಗೆಂದು ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಆತ, ಆತ ಹೇಳಲೊಲ್ಲ. ಕೇಳಬೇಕಾದವಳು ಆಕೆ, ಆಕೆ ಕೇಳಲಾರಳು. ಕುರುಡನ ಹೆಗಲನ್ನೇರಿ ಕುಂಟನು ದಾರಿ ತೋರಿದನೆಂದು ಹಿಂದಿನವರು ಅಂಧಪಂಗುನ್ಯಾಯವನ್ನು ಹೇಳಿದ್ದಾರಷ್ಟೆ; ಯಾರು ಯಾರ ಹೆಗಲನ್ನೇರಬೇಕೆಂಬ ತಕರಾರು ಆ ಇಬ್ಬರಿಗೂ ಬಂದಂತೆ ಕಾಣೆವು. ಈ ಮನೆಯಲ್ಲಿ ಮಾತ್ರ ಕರೆಗಂಟೆ ಬಾರಿಸಿದರೆ ಇಬ್ಬರೂ ಬಾಗಿಲಿಗೆ ಧಾವಿಸಿ ಹಣೆಗೆ ಹಣೆ ಬಡಿಸಿಕೊಳ್ಳುವುದು ಈಚೆಗೆ ಮಾಮೂಲಾಗಿತ್ತು.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹೆಂಗಸು ಬಹಳ ಮೃದುವಾಗಿ ಮಾತನಾಡಿದಳು. ಮೃದುತ್ವದಿಂದ ಕೆಲಸವಾಗುವಂತಿದ್ದರೆ ಅಲ್ಲೇ ಆಗಿಬಿಡುತ್ತಿತ್ತು.

"ಒಟ್ಟಿಗೆ ಬುಕ್ ಮಾಡಿದ್ರೆ ಸೀಟೂ ಒಟ್ಟಿಗೆ ಸಿಗ್ತಿತ್ತಲ್ಲಮ್ಮ."

"ವಿಮೆಯವರಿಗೆ ಹೇಳಿದೆ ತಾಯೀ. ಅವರು ವಿಮಾನದವರನ್ನ ಕೇಳಿ ಅಂದ್ರು. ವಿಮಾನದವರು ಕೌಂಟರನ್ನ ಕೇಳಿ ಅಂದ್ರು. ಕೌಂಟರು ನೀವೇ."

"ಗೇಟಲ್ಲಿ ಕೇಳಿ ನೋಡಿ. ಇವತ್ತು ಫುಲ್ಲು. ಯಾರಾದ್ರೂ ಬರದೇ ಇದ್ರೆ ಅಲ್ಲಿಯವರಿಗೆ ಗೊತ್ತಾಗೋದು."

ಆಕೆ ಉತ್ತರಿಸುವಷ್ಟರಲ್ಲಿ ನೀಲಿ ಅಂಗಿಯವನೊಬ್ಬ ಗಾಲಿಕುರ್ಚಿ ತಂದು ಆತನನ್ನು ಕೂರಿಸಿಯೂ ಬಿಟ್ಟ. ಗಾಯವಾದವರ ಬುಕಿಂಗಿಗೆ ಕುರ್ಚಿ ಸೇರಿತ್ತು. ಕುರ್ಚಿಗೆ ಬೇರೆ ಸಾಲು, ಬೇರೆ ಬಾಗಿಲು, ಬೇರೆ ಲಿಫ್ಟು. ಹೆಂಡತಿಯ ಬುಕಿಂಗಿಗೆ ಎರಡು ಕಾಲು ಮಾತ್ರ.

"ನಾನೂ ಬರ್ತೀನಿ."

"ನಿಮ್ದು ಬೇರೆ ಬುಕಿಂಗಲ್ವಾ ಅಮ್ಮಾ?" ಎಂದ ನೀಲಿ ಅಂಗಿಯವನು.

"ಹೂಂ ಕಣಪ್ಪಾ, ಬೇರೆ. ನಮಗೆ ಸಂಬಂಧವೇ ಇಲ್ಲ" ಎಂದಳು ಆಕೆ, ಹಲ್ಲು ಕಚ್ಚಿ. ಅನಂತರ ಗಂಡನ ಕಿವಿಯ ಬಳಿ ಬಾಗಿ, "ಕುರ್ಚಿಗೂ ಗಾಲಿ ಇದೆ. ನಿದ್ದೆ ಮಾಡಿದ್ರೆ ನೋಡಿ. ಸೀಟಿನ ವಿಷಯ ನಾನು ನೋಡ್ಕೋತೀನಿ" ಎಂದಳು.

"ನೀನು ತಲೆ ಕೆಡಿಸ್ಕೋಬೇಡ. ನಾನು ನೋಡ್ಕೋತೀನಿ" ಎಂದ ಆತ.

ಈ ಎರಡು ಮಾತುಗಳೂ ಒಂದೇ ಕ್ಷಣದಲ್ಲಿ ಆಡಲ್ಪಟ್ಟವು. ಆದ್ದರಿಂದ ಯಾರ ಮಾತು ಯಾರ ಕಿವಿಗೂ ಬೀಳಲಿಲ್ಲ. ಕುರ್ಚಿ ಜನರ ನಡುವೆ ಮರೆಯಾಯಿತು.

ಗೇಟಿನಲ್ಲಿದ್ದ ಯುವಕನಿಗೆ ನೆಗಡಿಯಾಗಿತ್ತು. ಆತ ಮೊದಲು ಆಕೆಗೆ ಕೂರಲು ಹೇಳಿದ, ಕುಳಿತಳು. ಎಲ್ಲರೂ ಸಾಲಾಗಿ ನಿಲ್ಲಬೇಕೆಂದ, ನಿಂತಳು. ಸಾಲಿನಲ್ಲಿ ನಿಂತು ಅವನ ಬಳಿಗೆ ಬಂದಾಗ, ಇಂಥದ್ದಕ್ಕೆ ಸಾಲಿನಲ್ಲಿ ಬರಬಾರದು, ಪಕ್ಕಕ್ಕೆ ಬರಬೇಕೆಂದ, ಪಕ್ಕಕ್ಕೂ ಬಂದಳು. ಕೋಣನ ಮುಂದೆ ಕಿನ್ನರಿ ಬಾರಿಸುವವನಿಗಾದರೂ ಎದುರಿಗೆ ಒಂದೇ ಕೋಣ. ಆಕೆ ಬೆಳಗಿನಿಂದ ಒಂದು ಮಂದೆಗೇ ಬಾರಿಸುತ್ತಿದ್ದಳು. ಆದರೂ ಮತ್ತೊಮ್ಮೆ ಮೊದಲಿನಿಂದ ಕಣ್ಣು, ಹೊಲಿಗೆ, ನಿದ್ದೆ, ಕೈ ಎಲ್ಲವನ್ನೂ ಹೇಳಿದಳು. ಯುವಕ ಒಮ್ಮೆ ಸೀನಿ, ಕಂಪ್ಯೂಟರಿನ ಪರದೆಯನ್ನು ಬಹಳ ಹೊತ್ತು ನೋಡಿದ.

"ಅಮ್ಮಾ, ನಿಮ್ಮ ಅದೃಷ್ಟ. ಹನ್ನೊಂದನೇ ಸಾಲಲ್ಲಿ ನಡು ಸೀಟಿನವರು ಬಂದಿಲ್ಲ. ಸಾರ್ ಪಕ್ಕದ್ದೇ, ಬಲಗಡೆ. ಅಲ್ಲಿಗೆ ಹಾಕ್ತೀನಿ. ನಿಮ್ಮ ಇಪ್ಪತ್ತಾರನ್ನ ಕಾಯ್ತಾ ಇರೋ ಒಬ್ಬರಿಗೆ ಕೊಟ್ಟುಬಿಡ್ತೀನಿ, ಆಗಬಹುದಾ?"

"ಆಗಬಹುದಾ ಅಂತ ಕೇಳ್ತೀಯಲ್ಲಪ್ಪಾ! ನಿನ್ನ ನೆಗಡಿ ಈಗಿಂದೀಗಲೇ ವಾಸಿಯಾಗಲಿ!"

ಹೊಸ ಪಾಸನ್ನು ಎದೆಗೊತ್ತಿಕೊಂಡು ಆಕೆ ವಿಮಾನದೊಳಕ್ಕೆ ನಡೆದಳು. ಬೆಳಗಿನಿಂದ ಮೊದಲ ಬಾರಿಗೆ ಆಕೆಯ ಉಸಿರು ಪೂರ್ತಿಯಾಗಿ ಒಳಗೆ ಹೋಗಿ ಪೂರ್ತಿಯಾಗಿ ಹೊರಗೆ ಬಂದಿತ್ತು. ಎಂಟು, ಒಂಬತ್ತು, ಹತ್ತು ದಾಟಿ ಹನ್ನೊಂದನೆಯ ಸಾಲಿನಲ್ಲಿ ನಿಂತಳು. ಕಿಟಕಿಯ ಸೀಟಿನಲ್ಲಿ, ಕಿವಿಗೆ ಹೆಡ್‌ಫೋನು ಹಾಕಿ, ಮೊಣಕಾಲಿನವರೆಗೂ ಹೊದಿಕೆ ಹೊದ್ದ ತರುಣಿಯೊಬ್ಬಳು ಕುಳಿತಿದ್ದಳು.

"ಏನಮ್ಮಾ, ಇದು ನಮ್ಮ ಯಜಮಾನರ ಸೀಟು."

ತರುಣಿ ಹೆಡ್‌ಫೋನು ಸರಿಸಿದಳು. "ಇಲ್ಲ ಆಂಟಿ, ಈಗ ನಂದು. ಕಣ್ಣಿಗೆ ಪಟ್ಟಿ ಕಟ್ಟಿರೋ ಅಂಕಲ್ ಒಬ್ಬರು ಸೀಟುಗಳನ್ನ ಮುಟ್ಟಿ ಎಣಿಸ್ಕೊಂಡು, ಅಲ್ಲಿ ಹಿಂದೆ ಇಪ್ಪತ್ತಾರರ ಕಿಟಕಿಯಲ್ಲಿದ್ದ ನನ್ನ ಸೀಟಿನ ಹತ್ತಿರ ಬಂದು ನಿಂತಿದ್ರು. ನನ್ನ ಹೆಂಡತಿ ಇಪ್ಪತ್ತಾರರಲ್ಲಿ ಒಬ್ಬಳೇ ಆಗ್ತಾಳೆ, ಅವಳ ಪಕ್ಕ ಕೂರಬೇಕು ಅಂದ್ರು. ನನಗೆ ಅಳುನೇ ಬಂದ್ಬಿಡ್ತು ಆಂಟಿ. ಬದಲಾಯಿಸಿಕೊಂಡೆ." ಆಮೇಲೆ ಸಂತೋಷದಿಂದ, "ಪುಣ್ಯ ಮಾಡಿದಾರೆ ಅವರ ಹೆಂಡತಿ!" ಎಂದಳು.

ಪುಣ್ಯ ಮಾಡಿದ್ದ ಹೆಂಡತಿ ಸೀಟಿನ ಬೆನ್ನನ್ನು ಹಿಡಿದುಕೊಂಡಳು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಸರಿಪಡಿಸುವುದು ಹಿಂದಾಳಿನ ಕೆಲಸ, ಈಗ ಹಿಂದಾಳು ತಾನೆಂದು ಆಕೆ ಸರಿದಳು. ಹಿಂದಾಳು ತಾನೇ ಎಂದು ಆತನೂ ಸರಿದ. ಹಾಳೆ ನಡುವೆ ಸೀಳಿತು.

ಹಿಂದಕ್ಕೆ ಓಡೋಣವೆಂದರೆ ದಾರಿಯ ತುಂಬ ಪೆಟ್ಟಿಗೆಗಳು, ಪೆಟ್ಟಿಗೆಗಳನ್ನು ಎತ್ತುವ ತೋಳುಗಳು, ತೋಳುಗಳ ಕೆಳಗೆ ನುಸುಳುವ ತಲೆಗಳು. ನಾಲ್ಕು ಸಾಲು ದಾಟುವುದರೊಳಗೆ ಗಗನಸಖಿ ಎದುರಾದಳು.

"ಅಮ್ಮಾ, ಬಾಗಿಲು ಹಾಕಿಯಾಯ್ತು. ನಿಮ್ಮ ಸೀಟಿಗೆ ಹೋಗಿ."

"ನನ್ನ ಗಂಡ ಹಿಂದಿದಾರೆ. ನಾನು ಅವರ ಕೈ ಹಿಡ್ಕೋಬೇಕು."

"ಹೆದರ್ಕೋಬೇಡಿ ಅಮ್ಮಾ, ಮೊದಲ ಸಲ ಎಲ್ಲರಿಗೂ ಭಯ ಆಗತ್ತೆ. ಕಣ್ಣು ಮುಚ್ಕೊಂಡು ದೇವರನ್ನ ನೆನೆಸ್ಕೊಳ್ಳಿ."

"ಭಯ ಅಲ್ಲ ಕಣಮ್ಮಾ! ಕಣ್ಣು..."

"ಮೇಲೆ ಹೋದ ಮೇಲೆ ನೋಡೋಣ."

"ಎಷ್ಟು ಮೇಲೆ?" ಎಂದು ಆಕೆ ಕೂಗಿಯೇಬಿಟ್ಟಳು. ಅಕ್ಕಪಕ್ಕದವರು ನಕ್ಕರು. ಗಗನಸಖಿ ಆಕೆಯನ್ನು ತೋಳು ಹಿಡಿದು ಕರೆತಂದು ಹನ್ನೊಂದರಲ್ಲಿ ಕೂರಿಸಿ, ಸೀಟಿನ ಪಟ್ಟಿಯನ್ನು ತಾನೇ ಬಿಗಿದಳು.

ಗಾಲಿ ಉರುಳಿತು.

ಆ ಸಣ್ಣ ನಡುಕ ಕಾಲಿನ ಕೆಳಗೆ ಹರಿಯಿತು. ಈಗ ಆತನ ಗಲ್ಲ ಎದೆಗೆ ತಾಗಿರುತ್ತದೆ. ಈಗ ತುಟಿ ಸಡಿಲವಾಗಿರುತ್ತದೆ. ಈಗ ಬಲಗೈ ತೊಡೆಯನ್ನು ಬಿಟ್ಟು ಎದ್ದಿರುತ್ತದೆ. ನಡುವೆ ಹದಿನಾಲ್ಕು ಸಾಲು ತಲೆಗಳು. ತಿರುಗಿ ಕತ್ತು ಎಷ್ಟು ಚಾಚಿದರೂ ಸೀಟುಗಳ ಬೆನ್ನಲ್ಲದೆ ಬೇರೇನೂ ಕಾಣದು. ಮೂವತ್ತು ವರ್ಷ ತಿರುಗಿ ನೋಡದೆ ನಡೆದವಳಿಗೆ, ನೋಡಬೇಕಾದ ದಿನ ನೋಟವೇ ದಕ್ಕಲಿಲ್ಲ. ಆಕೆ ಗಗನಸಖಿಯನ್ನು ಬೈದಳು, ವಿಮೆಯವರನ್ನು ಬೈದಳು, ಬರದೇ ಹೋದ ಆ ನಡುಸೀಟಿನವನನ್ನು ಬೈದಳು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಮಾತು ಕೇಳದೆ ಕುರುಡುಗಣ್ಣಿನಲ್ಲಿ ಸೀಟು ಹುಡುಕಿಕೊಂಡು ಹೋದ ಗಂಡನನ್ನು ಬೈದಳು. ಬೈದು ಮುಗಿದ ಮೇಲೆ ಉಳಿದದ್ದು ಪ್ರಾರ್ಥನೆ ಒಂದೇ. ಭಗವಂತಾ, ಆ ಕೈಯನ್ನು ಸ್ವಲ್ಪ ಹೊತ್ತು ನೀನು ಹಿಡಿದುಕೋ.

ಆಗ ಹಿಂದಿನಿಂದ, ಎಂಜಿನ್ನಿನ ಸದ್ದನ್ನು ಸೀಳಿಕೊಂಡು, ಕಾರ್ಖಾನೆಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮುಟ್ಟುವಂಥ ದನಿ ಕೇಳಿಸಿತು.

"ನಿಂತೆ!"

ಯಾರೋ ಕಿಸಕ್ಕೆಂದರು. "ವಿಮಾನ ಓಡ್ತಾ ಇದೆ, ಇವರು ನಿಂತ್ರಂತೆ" ಎಂದಿತು ಇನ್ನೊಂದು ಬಾಯಿ.

ಆಕೆಯ ಕಣ್ಣು ತುಂಬಿತು. ಆ ಮಾತು ಮುಂದಾಳಿನದು. ಮೂವತ್ತು ವರ್ಷಗಳಲ್ಲಿ ಅದನ್ನು ಆಡಿದವಳು ಆಕೆ, ಕೇಳಿ ಸರಿಪಡಿಸಿದವನು ಆತ. ಆತನ ಬಾಯಿಂದ ಅದು ಬಂದದ್ದು ಇದೇ ಮೊದಲು. ಪಕ್ಕದಲ್ಲಿ ಬೇರೆ ಯಾರೋ ಬಂದು ಕುಳಿತಾಗ ಆತನಿಗೆ ಎಲ್ಲವೂ ಹೊಳೆದಿರಬೇಕು. ನಾನು ಇಲ್ಲಿದ್ದೇನೆ, ಎಚ್ಚರವಾಗಿದ್ದೇನೆ, ಅಲ್ಲಾಡುವುದಿಲ್ಲ. ಇನ್ನು ದಾರಿ ನೋಡುವವಳು ನೀನು. ಒಂದೇ ಪದದಲ್ಲಿ ಇಷ್ಟೆಲ್ಲ ಇತ್ತು. ಮನೆಯಲ್ಲಿ ವಾರಗಟ್ಟಲೆ ಆಡಲಾಗದ ಮಾತನ್ನು ಆತ ನೂರು ಜನರ ಮುಂದೆ ಕೂಗಿ ಆಡಿದ್ದ.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ನಿಂತೆ!" ವಿಮಾನ ನೆಲ ಬಿಟ್ಟಾಗ ಇನ್ನೊಮ್ಮೆ. ಪ್ರತಿ ಕೂಗಿಗೂ ಆಕೆಯ ಮುಷ್ಟಿ ಸಡಿಲವಾಗಿ, ಕೂಗುಗಳ ನಡುವೆ ಮತ್ತೆ ಬಿಗಿಯುತ್ತಿತ್ತು. ಮುಂದಿನದು ತಡವಾಗಿ ಬಂತು, ದನಿಗೆ ಕಾವಿರಲಿಲ್ಲ. "ನಿಂ..." ಎಂಬಲ್ಲಿಗೆ ಅದು ಜಾರಿಹೋಯಿತು. ಆಮೇಲೆ ಬರಲಿಲ್ಲ.

ಆಕೆ ಕಾದಳು. ಬರಲಿಲ್ಲ.

ಸೀಟಿನ ಪಟ್ಟಿ ಕಟ್ಟಿಕೊಂಡಿರಬೇಕೆನ್ನುವ ದೀಪ ತಲೆಯ ಮೇಲೆ ಇನ್ನೂ ಉರಿಯುತ್ತಿತ್ತು. ಆಕೆ ಪಟ್ಟಿ ಕಳಚಿ ಎದ್ದಳು. "ಅಮ್ಮಾ, ಕೂತ್ಕೊಳ್ಳಿ! ಅಮ್ಮಾ!" ಎಂದು ಮುಂದಿನಿಂದ ಗಗನಸಖಿ ಕೂಗುತ್ತಿದ್ದಂತೆ, ಏರುತ್ತಿರುವ ವಿಮಾನದಲ್ಲಿ ಇಳಿಜಾರಿನ ಗುಂಟ ಸೀಟುಗಳ ಕಿವಿ ಹಿಡಿದು ಹಿಡಿದು ಆಕೆ ಹಿಂದಕ್ಕೆ ಇಳಿದಳು. ಹದಿನೆಂಟು. ಇಪ್ಪತ್ತೆರಡು. ಯಾರದೋ ಪಾದ ತುಳಿದಳು. ಇಪ್ಪತ್ತಾರು.

ಕಿಟಕಿಗೆ ತಲೆಯಾನಿಸಿ ಗಂಡ ನಿದ್ದೆ ಹೋಗಿದ್ದ. ಪಟ್ಟಿ ಇದ್ದಂತೆಯೇ ಇತ್ತು, ಬಿಳಿಯ ಅಂಚು ಕೂಡ ಕೊಂಕಿರಲಿಲ್ಲ. ನಡುವಿನ ಸೀಟಿನಲ್ಲಿ ಎರಡು ಕೈಯೊರಗುಗಳ ನಡುವೆ ಬೆಣೆ ಹೊಡೆದಂತೆ ಕುಳಿತಿದ್ದ ಭಾರೀ ಆಳೊಬ್ಬ, ಕೊನೆಯ ಗಳಿಗೆಯಲ್ಲಿ ಆಕೆಯ ಸೀಟು ಪಡೆದವನು, ಆತನ ಬಲಗೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು, ಬೆವರುತ್ತ ಕುಳಿತಿದ್ದ.

"ನೀವೇನಾ ಮುಂದಾಳು?" ಎಂದು ಪಿಸುಗುಟ್ಟಿದ. "ನಿದ್ದೆ ಬಂದ್ರೆ ಕೈ ಹಿಡ್ಕೊಳ್ಳಿ, ಅವಳು ಬರ್ತಾಳೆ ಅಂದ್ರು. ಹಿಡ್ಕೊಂಡೆ. ಎರಡು ಸಲ ಎಳೆದ್ರು ನೋಡಿ, ಅಬ್ಬಾ, ಏನು ಶಕ್ತಿ! ಈಗ ನನ್ನ ಮೂಗು ತುರಿಸ್ತಾ ಇದೆ, ಕೆರ್ಕೊಳ್ಳೋಕೂ ಆಗ್ತಿಲ್ಲ. ಬೇಗ ತಗೊಳ್ಳಿ ತಾಯೀ."

"ಸುಮ್ನೆ ಬಿಡಬೇಡಿ" ಎಂದಳು ಆಕೆ, ಅಂಚಿನ ಸೀಟಿನ ಮುದುಕರ ಮೊಣಕಾಲುಗಳನ್ನು ದಾಟಿ ಬಾಗುತ್ತ. "ನಾನು ಹಿಡಿದೆ ಅಂದ ಮೇಲೆ, ಬಿಟ್ಟೆ ಅಂತ ಹೇಳಿ ಬಿಡಿ. ಮೊದಲೇ ಬಿಟ್ರೆ ಕೈ ಕಣ್ಣಿಗೆ ಹೋಗತ್ತೆ."

ಆಕೆಯ ಬೆರಳುಗಳು ಗಂಡನ ಮಣಿಕಟ್ಟನ್ನು ಬಳಸಿದವು. "ಹಿಡಿದೆ."

"ಬಿಟ್ಟೆ" ಎಂದ ಭಾರೀ ಆಳು, ವಿಧೇಯನಾಗಿ, ಮತ್ತು ಎರಡು ಕೈಗಳಿಂದಲೂ ಮೂಗನ್ನು ಕೆರೆದುಕೊಂಡ. ಆಮೇಲೆ ನಡೆದ ಸ್ಥಾನಪಲ್ಲಟವನ್ನು ವರ್ಣಿಸುವುದು ಕಷ್ಟ. ಅವನು ಮೇಲಕ್ಕೆದ್ದ, ಆಕೆ ಅವನ ತೋಳಿನ ಕೆಳಗೆ ನುಸುಳಿದಳು, ಮುದುಕರು ಕಾಲುಗಳನ್ನು ಎದೆಗೆ ಮಡಿಸಿಕೊಂಡು ಯಾರ ಯಾರ ಹೆಸರನ್ನೋ ಹಿಡಿದು ಶಪಿಸಿದರು. ಇಷ್ಟರಲ್ಲೂ ಹಿಡಿದ ಕೈ ಒಂದು ನೂಲಿನಷ್ಟೂ ಅಲುಗಲಿಲ್ಲ. ಹನ್ನೊಂದನೆಯ ಸಾಲಿನಲ್ಲಿ ಸೀಟು ಖಾಲಿಯಿದೆಯೆಂದು ಕೇಳಿ ಭಾರೀ ಆಳು ಮುಖವರಳಿಸಿಕೊಂಡು ಮುಂದಕ್ಕೆ ಹೋದ.

ಆಕೆ ಕುಳಿತಳು. ಬೆಳಗಿನಿಂದ ಯಾವ ಸೀಟನ್ನು ಬಿಡಿಸಿಕೊಳ್ಳಲು ಹೆಣಗಿದ್ದಳೋ ಅದೇ ಸೀಟು, ಅದೇ ನಡು. ನಗಬೇಕೋ ಅಳಬೇಕೋ ತಿಳಿಯದಷ್ಟು ಸಿಟ್ಟು ಆಕೆಗಿನ್ನೂ ಉಳಿದಿತ್ತು. ನಿದ್ದೆಯಲ್ಲಿ ಗಂಡನ ಕೈ ಒಮ್ಮೆ ಎಳೆದು ನೋಡಿತು; ಹಿಡಿತದ ಗುರುತು ಸಿಕ್ಕಿದಂತೆ ಸುಮ್ಮನಾಯಿತು.

ಏದುಸಿರು ಬಿಡುತ್ತ ಗಗನಸಖಿ ಬಂದು ನಿಂತಳು. ಕೈಯಲ್ಲಿ ಪ್ರಯಾಣಿಕರ ಪಟ್ಟಿಯಿತ್ತು.

"ಅಮ್ಮಾ, ಇದು ನಿಮ್ಮ ಸೀಟಲ್ಲ. ನಿಮ್ದು ಹನ್ನೊಂದು. ಇವರೂ ಹನ್ನೊಂದೇ. ನೀವಿಬ್ಬರೂ ಇಲ್ಲಿ ಯಾಕಿದೀರಿ? ನಿಮ್ಮ ಬುಕಿಂಗ್ ಒಟ್ಟಿಗಿದೆಯಾ? ಅಮ್ಮಾ, ನಿಮ್ಮನ್ನೇ ಕೇಳ್ತಿರೋದು."

ಆಕೆ ಎದುರಿನ ಸೀಟಿನ ಬೆನ್ನನ್ನೇ ನೋಡುತ್ತ, ಮಣಿಕಟ್ಟಿನ ಮೇಲಿನ ಹಿಡಿತವನ್ನು ಸರಿಪಡಿಸಿಕೊಂಡಳು. ಉತ್ತರ ಕೊಡಲಿಲ್ಲ. ಕೈಯಲ್ಲಿ ಗಾಜಿತ್ತು.